ಬೋಲ್ಟಿನ ಬಿಗುಮಾನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ನನ್ನದೇ ಮಿಮಿಕ್ರಿಯನ್ನು ನಂಬಿ ಪಿಕಪ್ಪಿನ ಬ್ರೇಕು ಬಿಗಿದವನು. ಊರಿನವರನ್ನೆಲ್ಲ ಅಣಕಿಸುತ್ತ ತಿರುಗುವವನಿಗೆ ಒಂದು ದಿನ ಅವನ ಸ್ವರವೇ ಟೋಪಿ ಹಾಕುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಅವರನ್ನೂ ಅಣಕಿಸುತ್ತಿದ್ದೆ, ಅದು ಬೇರೆ ಮಾತು.

ನಮ್ಮದು ಉರ್ವದಲ್ಲಿ ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಅವನ್ನೆಲ್ಲ ಹೊರುವುದು ಅಪ್ಪನ ಪಿಕಪ್ಪು. ಇತ್ತೀಚೆಗೆ ಅದು ಬ್ರೇಕು ಒತ್ತಿದಾಗಲೆಲ್ಲ ಕಿರ್ರೆಂದು ಕೂಗತೊಡಗಿತ್ತು. ಆ ಕೂಗನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ಅಪ್ಪ ಒಮ್ಮೆ ಗಂಜಿ ಊಟದ ಮಧ್ಯೆ ಬಲಗಾಲನ್ನು ನೆಲಕ್ಕೆ ಒತ್ತಿದರು. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸವೆದಿದೆ, ಗ್ಯಾರೇಜು ಬೇಡ, ನಾನೇ ಬದಲಿಸುತ್ತೇನೆ ಎಂದು ಘೋಷಿಸಿದೆ. ವಿಡಿಯೋ ನೋಡಿ ಕಲಿತವನ ಧೈರ್ಯಕ್ಕೆ ಬ್ರೇಕು ಎಲ್ಲಿ?

ಅವಸರಕ್ಕೆ ಕಾರಣವೂ ಇತ್ತು. ಆ ಭಾನುವಾರ ಕಾಟಿಪಳ್ಳದಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ಕುರ್ಚಿಗಳು ನಮ್ಮವೇ. ಹಿಂದೆ ಕುರ್ಚಿಗಳ ರಾಶಿ, ಮುಂದೆ ಅಪ್ಪನ ಪಕ್ಕದಲ್ಲಿ ರೇಷ್ಮೆ ಸೀರೆಯ ಅಮ್ಮ, ಹೀಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಂದರೆ ನಾನು ಬಿಗಿಯಹೊರಟದ್ದು ಯಾವುದೋ ಒಂದು ಬೋಲ್ಟನ್ನಲ್ಲ, ನನ್ನ ಅಪ್ಪ ಅಮ್ಮ ಕೂತ ಗಾಡಿಯನ್ನು ಹೆದ್ದಾರಿಯಲ್ಲಿ ನಿಲ್ಲಿಸಬೇಕಾದ ಬೋಲ್ಟನ್ನು.

ಅದಕ್ಕೆಂದೇ ಆನ್‌ಲೈನಿನಲ್ಲಿ ಟಾರ್ಕ್ ರೆಂಚ್ ತರಿಸಿದ್ದೆ. ಉದ್ದನೆಯ ಸ್ಪ್ಯಾನರ್ ಅದು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹಿಡಿಯನ್ನು ತಿರುಗಿಸಿಟ್ಟರೆ, ಬೋಲ್ಟು ಅಷ್ಟು ಬಿಗಿಯಾದ ಕೂಡಲೇ 'ಟಕ್' ಎನ್ನುತ್ತದೆ. ಬಹಳ ಪ್ರಾಮಾಣಿಕ ಜೀವ. ಒಂದೇ ಕೊರತೆ, ಎಷ್ಟಕ್ಕೆ ಇಡಬೇಕೆಂಬುದನ್ನು ಅದು ಹೇಳುವುದಿಲ್ಲ. ನೂರಕ್ಕಿಟ್ಟರೆ ನೂರಕ್ಕೆ ಟಕ್, ತಪ್ಪಿಗಿಟ್ಟರೆ ತಪ್ಪಿಗೂ ಅಷ್ಟೇ ಶ್ರದ್ಧೆಯಿಂದ ಟಕ್.

ಈ ಬಿಗಿಯ ಲೆಕ್ಕಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ಯೋಚಿಸಿದ್ದುಂಟು. ತಾಪದ ಅಳತೆ ತಾಪಮಾನ. ಹಾಗಾದರೆ ಬಿಗಿಯ ಅಳತೆ ಬಿಗುಮಾನವೇ ಆಗಬೇಕಲ್ಲ. ಪಂಡಿತರು ಒಪ್ಪಲಿಕ್ಕಿಲ್ಲ, ಅವರ ಪ್ರಕಾರ ಬಿಗುಮಾನವೆಂದರೆ ಗೊತ್ತಿಲ್ಲ ಎಂದು ಬಾಯಿಬಿಡಲಾರದವನ ಸೆಟೆದ ಕುತ್ತಿಗೆ. ಆದರೆ ಆ ವಾರ ಬೋಲ್ಟಿನ ಬಿಗುಮಾನ ನನಗೆ ಗೊತ್ತಾಗದೆ ಹೋದದ್ದು ನನ್ನ ಬಿಗುಮಾನದಿಂದಲೇ. ಆದ್ದರಿಂದ ಎರಡೂ ಅರ್ಥಗಳನ್ನು ನಿಘಂಟು ಒಂದೇ ಸಾಲಿನಲ್ಲಿ ಕೊಡಬಹುದು.

ಕೇಳಲು ಜನರಿರಲಿಲ್ಲವೆಂದಲ್ಲ. ನಮ್ಮ ಓಣಿಯಲ್ಲೇ ಹಳೆಯ ಮೆಕ್ಯಾನಿಕ್ ದಾಮೋದರಣ್ಣ ಇದ್ದಾರೆ. ಪ್ರತಿ ಮಾತಿಗೂ ಮೊದಲು ಒಮ್ಮೆ ಕೆಮ್ಮಿ, ಗಂಟಲಿನ ಗೇರು ಬದಲಿಸಿ, "ಹ್ಞಾಂ, ಕೇಳು ಮಾರಾಯ" ಎಂದು ಹೊರಡುವ ಮನುಷ್ಯ. ಅವರನ್ನು ಅಣಕಿಸಿಯೇ ನಾನು ಊರಿನಲ್ಲಿ ಹೆಸರು ಮಾಡಿದ್ದು. ಅವರ ಮುಂದೆ ನಿಂತು ಗಂಭೀರವಾಗಿ ಪ್ರಶ್ನೆ ಕೇಳುವುದು ಹೇಗೆ? ಅವರು ಕೆಮ್ಮುವ ಮೊದಲೇ ನಾನು ಕೆಮ್ಮಿಬಿಟ್ಟರೆ?

ಅಪ್ಪನನ್ನು ಕೇಳಿದೆ. "ಬಿಗಿಯುವಾಗ ಕೈಗೆ ಗೊತ್ತಾಗ್ತದೆ," ಎಂದರು. ಅಮ್ಮನ ಸಾರಿನ ಉಪ್ಪಿನ ಲೆಕ್ಕವೂ ಇದೇ. ವ್ಯತ್ಯಾಸವೇನೆಂದರೆ, ಉಪ್ಪು ಹೆಚ್ಚಾದ ಸಾರು ಹೆದ್ದಾರಿಗೆ ಹೋಗುವುದಿಲ್ಲ.

ಕಂಕನಾಡಿಯ ಬಿಡಿಭಾಗದ ಅಂಗಡಿಯಲ್ಲಿ ಪ್ಯಾಡು ಕೊಳ್ಳುವಾಗ ಅಲ್ಲಿಯ ಪ್ರಸಾದಣ್ಣನನ್ನು ಕೇಳಿದೆ. ಅವರು ತಲೆ ಎತ್ತದೆ, "ನೈಂಟಿ ಹಾಕು. ಈಗ ಎಲ್ಲ ಅದೇ ಹಾಕುದು," ಎಂದರು. ಒಬ್ಬರ ಮಾತು ಸಾಲದೆಂದು ದುಬೈಯಲ್ಲಿ ಲಾರಿ ಕಂಪೆನಿಯೊಂದರಲ್ಲಿರುವ ಭಾವನಿಗೆ ಫೋನು ಮಾಡಿದೆ. "ನೈಂಟಿ ಮಾರಾಯ. ಇಲ್ಲಿ ನಮ್ಮ ಊರಿನವರಿಗೆಲ್ಲ ಗೊತ್ತುಂಟು. ನಿನಗೆ ಎಂತ ಡೌಟು?" ಎಂದರು.

ಕಂಕನಾಡಿಯೂ ದುಬೈಯೂ ಒಂದೇ ಸಂಖ್ಯೆ ಹೇಳಿದ ಮೇಲೆ ಸಂಶಯಪಡಲು ನಾನೇನು ವಿಜ್ಞಾನಿಯೇ? ರೆಂಚನ್ನು ತೊಂಬತ್ತಕ್ಕಿಟ್ಟು, ಪ್ಯಾಡುಗಳನ್ನು ಹಿಡಿದುಕೊಳ್ಳುವ ಕ್ಯಾಲಿಪರಿನ ಬೋಲ್ಟುಗಳನ್ನು ಬಿಗಿದೆ. ಒಂದು ಬೋಲ್ಟು ಯಾಕೋ ಟಕ್ ಎನ್ನಲು ಒಪ್ಪದೆ ಹಲ್ವದ ಹಾಗೆ ಮೆತ್ತಗೆ ತಿರುಗುತ್ತಲೇ ಹೋಯಿತು. ಕೈಗೆ ಗೊತ್ತಾಗುವುದು ಎಂದು ಅಪ್ಪ ಹೇಳಿದ್ದು ಬಹುಶಃ ಇದನ್ನೇ. ರೆಂಚನ್ನು ಕೆಳಗಿಟ್ಟು ಮತ್ತೆ ಭಾವನಿಗೆ ಫೋನು ಮಾಡಿ, ಈ ತೊಂಬತ್ತು ಎಲ್ಲಿಯದೆಂದು ಕೇಳಿದೆ. "ಅನುಭವಸ್ಥರು ಹೇಳಿದ್ದು ಉಂಟಲ್ಲ, ಕಳಿಸ್ತೇನೆ ನೋಡು," ಎಂದು ಒಂದು ವಾಯ್ಸ್ ಮೆಸೇಜು ಕಳಿಸಿದರು. ತಲೆಯ ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಕಿರೀಟ.

ಮೊದಲು ಒಂದು ಕೆಮ್ಮು. ಆಮೇಲೆ, "ಹ್ಞಾಂ, ಕೇಳು ಮಾರಾಯ. ಬ್ರೇಕಿನ ಬೋಲ್ಟು ಟೈಟ್ ಆಗ್ಲಿಕ್ಕೆ ನೈಂಟಿ ಸಾಕು. ಜಾಸ್ತಿ ಬೇಡ."

ದಾಮೋದರಣ್ಣನೇ ಹೇಳಿದ್ದಾರೆ, ಇನ್ನೇನು ಬೇಕು ಎಂದು ಒಂದು ಕ್ಷಣ ನನಗೆ ಜೀವ ಬಂತು, ನಿಜವಾಗಿ. ಅಷ್ಟರಲ್ಲಿ ಮೆಸೇಜಿನ ತುದಿಯಲ್ಲಿ, ದೂರದಿಂದ, ಹೆಂಗಸಿನ ಸ್ವರವೊಂದು ತುಳುವಿನಲ್ಲಿ ಕೂಗಿತು: ಮೀನು ತಣಿಯುತ್ತದೆ, ನಿನ್ನ ನಾಟಕ ಮುಗಿಸಿ ಊಟಕ್ಕೆ ಬಾ. ಅದು ನನ್ನ ಅಮ್ಮ.

ನೆನಪಾಯಿತು. ಕೆಲವು ತಿಂಗಳ ಹಿಂದೆ ಪಿಕಪ್ ಮಾಲೀಕರ ವಾಟ್ಸಾಪ್ ಗುಂಪಿಗಾಗಿ ನಾನೇ ಮಾಡಿದ ಮಿಮಿಕ್ರಿ. ಕುಡಿದವನನ್ನು ನಮ್ಮಲ್ಲಿ ಟೈಟ್ ಎನ್ನುತ್ತಾರೆ, ಬಾರಿನಲ್ಲಿ ನೈಂಟಿ ಎಂದರೆ ಗ್ಲಾಸಿಗೆ ಸುರಿಯುವ ಒಂದು ಅಳತೆ. ಮನುಷ್ಯನೂ ಬೋಲ್ಟೂ ಒಂದೇ ಅಳತೆಗೆ ಟೈಟಾಗುವ ಜೋಕು ಅದು. ಮುಂದೆ "ನನಗೆ ಮಾತ್ರ ಒನ್ ಎಯ್ಟಿ ಬೇಕು" ಎಂಬ ಸಾಲೂ ಇತ್ತು. ಯಾರೋ ಪುಣ್ಯಾತ್ಮರು ಕೈಯಿಂದ ಕೈಗೆ ದಾಟಿಸುವಾಗ ಆ ಸಾಲನ್ನು ಕತ್ತರಿಸಿದ್ದರು. ನಗು ದಾರಿಯಲ್ಲೇ ಇಳಿದುಹೋಗಿ ಸಂಖ್ಯೆಯೊಂದೇ ಸಮುದ್ರ ದಾಟಿತ್ತು. ಅಲ್ಲಿಂದ ದುಬೈಯ ಮೊಹರು ಹಾಕಿಸಿಕೊಂಡು ನನ್ನ ರೆಂಚಿಗೇ ಮರಳಿತ್ತು. ಆ ಇಡೀ ಮೆಸೇಜಿನಲ್ಲಿ ನಿಜವಾದದ್ದೆಂದರೆ ಮೀನು ತಣಿಯುತ್ತಿದ್ದದ್ದು ಮಾತ್ರ.

ಮರುದಿನ ನಮ್ಮ ಪಿಕಪ್ಪಿನ ಕಂಪೆನಿಯ ಸರ್ವಿಸ್ ಸೆಂಟರಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಯಾರ ಸ್ವರವನ್ನೂ ತೆಗೆಯದೆ, "ನನಗೆ ಗೊತ್ತಿಲ್ಲ, ಸ್ವಲ್ಪ ಹೇಳ್ತೀರಾ?" ಎಂದೆ. ಮಾಡೆಲ್ ಯಾವುದು, ಯಾವ ವರ್ಷದ್ದು, ಚಾಸಿ ನಂಬರ್ ಎಷ್ಟು ಎಂದೆಲ್ಲ ಕೇಳಿ, ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಕಂಪೆನಿಯ ವರ್ಕ್‌ಶಾಪ್ ಮ್ಯಾನ್ಯುವಲ್ ತೆರೆದಳು. "ಯಾವ ಬೋಲ್ಟಿಂದು ಬೇಕು?" ಎಂದಳು. ಬೋಲ್ಟುಗಳಲ್ಲೂ ಜಾತಿಗಳಿವೆ ಎಂದು ತಿಳಿದದ್ದು ಆಗಲೇ. ಕ್ಯಾಲಿಪರಿನ ಸಣ್ಣ ಬೋಲ್ಟಿಗೆ ಒಂದು, ಅದನ್ನು ಹೊರುವ ದೊಡ್ಡದಕ್ಕೆ ಇನ್ನೊಂದು, ಚಕ್ರದ ನಟ್ಟಿಗೆ ಮತ್ತೊಂದು. ನಾನು ಸಣ್ಣದಕ್ಕೆ ಅದರ ಹಕ್ಕಿನ ಎಷ್ಟೋ ಪಟ್ಟು ಕುಡಿಸಿದ್ದೆ. ಸರಿಯಾದ ಸಂಖ್ಯೆಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಬೇರೆ ಗಾಡಿಯವರು ಇದನ್ನೂ ಫಾರ್ವರ್ಡ್ ಮಾಡಿಯಾರು.

ಅತಿಯಾದ ಬಿಗಿಗೆ ಹಿಗ್ಗಿದ ಬೋಲ್ಟುಗಳನ್ನು ಎಸೆದು, ಹೊಸವನ್ನು ತಂದು, ಒಂದೊಂದನ್ನೂ ಅದರದರ ಬಿಗುಮಾನಕ್ಕೆ ಬಿಗಿದೆ. ಗಾಡಿಯನ್ನು ಅದೇ ಸರ್ವಿಸ್ ಸೆಂಟರಿಗೆ ಮೆಲ್ಲಗೆ ಒಯ್ದು ತೋರಿಸಿ, "ಸರಿ ಉಂಟು" ಎನ್ನಿಸಿಕೊಂಡೂ ಬಂದೆ. ಅಷ್ಟರಲ್ಲಿ ಭಾವ, ನನ್ನ ಬಾಯಿಂದಲೇ ಕೇಳಿದ ಮೆಸೇಜಿನ ಕಥೆಯನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಉಪಕಾರ ಮಾಡಿದ್ದರು.

ಭಾನುವಾರ ಬೆಳಿಗ್ಗೆ ಕುರ್ಚಿಗಳನ್ನು ಕಟ್ಟಿಯಾಯಿತು. ಅಪ್ಪ ಸ್ಟೇರಿಂಗ್ ಹಿಡಿದು ಕೂತರು. ಅಮ್ಮ ಮಾತ್ರ ಬಾಗಿಲು ತೆರೆದು, ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಹತ್ತದೆ ನಿಂತರು.

"ಬ್ರೇಕ್ ಸರಿ ಉಂಟಾ?"

ಉತ್ತರ ಹೇಳುವ ಮೊದಲೇ ಅಭ್ಯಾಸಬಲದಿಂದ ನನ್ನ ಗಂಟಲು ಕೆಮ್ಮಿಬಿಟ್ಟಿತು. "ಹ್ಞಾಂ, ಕೇಳಿ ಅಕ್ಕ. ಎಂತ ಹೆದರಿಕೆ? ಕಂಪೆನಿಯ ಲೆಕ್ಕದಲ್ಲೇ ಬಿಗಿದದ್ದು."

ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಮೆಟ್ಟಿಲಿಗಿಟ್ಟ ಕಾಲನ್ನು ಕೆಳಗಿಳಿಸಿ ಹೇಳಿದರು:

"ಅದನ್ನೇ ಒಮ್ಮೆ ನಿನ್ನ ಸ್ವರದಲ್ಲಿ ಹೇಳು ಮಗಾ, ಮತ್ತೆ ಹತ್ತುತ್ತೇನೆ."