ಚಿಕ್ಕವ್ವ ಎತ್ತಿದ ಮೊದಲ ಸಾಲು

ನನ್ನ ಚಿಕ್ಕವ್ವ ಬೆಟ್ಟಮ್ಮ ನಲವತ್ತು ವರ್ಷ ಸೋಬಾನೆ ಹಾಡಿದ್ದಾಳೆ. ಆದರೆ ಒಂದು ಪದವನ್ನೂ ತಾನಾಗಿ ಶುರು ಮಾಡಿದವಳಲ್ಲ. ದೇವಲಾಪುರದ ಸುತ್ತಿನ ಮದುವೆಗಳಲ್ಲಿ ಸಾಲು ಎತ್ತುತ್ತಿದ್ದವಳು ಅವಳ ಅಕ್ಕ ಚಲುವಮ್ಮ, ಅಂದರೆ ನನ್ನ ಅವ್ವ. ಅವ್ವ ಒಂದು ಸಾಲು ಹೇಳಿ ಉಸಿರು ತಗೊಂಡರೆ ಅದೇ ಸಾಲನ್ನು ಚಿಕ್ಕವ್ವ ತಿರುಗಿ ಹೇಳಬೇಕು. ನಮ್ಮ ಕಡೆ ಪದ ನಡೆಯುವುದೇ ಹಾಗೆ, ಒಬ್ಬರು ಮುಂದೆ, ಒಬ್ಬರು ಹಿಂದೆ.

ಅವ್ವ ತೀರಿಕೊಂಡು ಎಂಟು ತಿಂಗಳು. ಚಿಕ್ಕವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. ತಿಥಿಯ ದಿನ ಮುದ್ದೆ ಕಟ್ಟಿದಳು, ಸಾರಿಗೆ ಉಪ್ಪು ಸರಿಯಿದೆಯಾ ಎಂದು ಎಲ್ಲರನ್ನೂ ಕೇಳಿದಳು. ನಾನೂ ಹಾಗೇ ಇದ್ದೆ ಬಿಡಿ. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ವರ್ಷ ತುಂಬುವುದರೊಳಗೆ ನನ್ನ ಮದುವೆ ಮುಗಿಸಬೇಕೆಂದು ಹಿರಿಯರು ದಿನ ಇಟ್ಟರು. ನಾನು ಕೇಳಿದ್ದು ಒಂದೇ: ನನ್ನ ಹಸೆಯ ಮುಂದೆ ಚಿಕ್ಕವ್ವ ಹಾಡಬೇಕು, ಮೈಕಿನ ಸಿನಿಮಾ ಹಾಡು ಬೇಡ.

"ನಂಗೆ ಬರಾಕಿಲ್ಲ ಬುಡವ್ವ," ಅಂದಳು.

"ನಲವತ್ ವರ್ಸ ಆಡಿದ್ದೀಯ, ಬರಾಕಿಲ್ವಾ?"

"ಆಡ್ತಿದ್ದೋಳು ನಿಮ್ಮವ್ವ." ಅಷ್ಟು ಹೇಳಿ ಹಸುವಿಗೆ ಹುಲ್ಲು ಹಾಕಲು ಎದ್ದಳು. ನನಗೆ ಮೈಯೆಲ್ಲ ಉರಿಯಿತು.

ಅದಕ್ಕೇ ಅವಳನ್ನು ಬಸ್ಸು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಎಳೆದುಕೊಂಡು ಹೋದೆ. ನಾನು ಅಲ್ಲೇ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ ನರ್ಸರಿ ಟೀಚರ್. ಕೆಥೆಡ್ರಲ್ ಚರ್ಚೊಂದರ ಕ್ವಾಯರ್‌ನವರು, ಅಂದರೆ ಗುಂಪಾಗಿ ಹಾಡುವ ತಂಡದವರು, ಶನಿವಾರ ಸಮುದಾಯ ಭವನಕ್ಕೆ ಬರುತ್ತಾರೆ, ಯಾರು ಬೇಕಾದರೂ ಅವರ ಜೊತೆ ಹಾಡಬಹುದು ಎಂದು ಶಾಲೆಗೆ ಚೀಟಿ ಬಂದಿತ್ತು. ಹೊಸ ಜಾಗ, ಹೊಸ ಹಾಡು, ಗಂಟಲಾದರೂ ಬಿಡಲಿ ಎಂಬ ಆಸೆ ನನ್ನದು.

ಕ್ವಾಯರ್ ಮೇಷ್ಟ್ರು ಚೌರಪ್ಪನವರು ಬೆಳಗಿನ ಬಗ್ಗೆ ನಾಲ್ಕು ಸಾಲಿನ ಒಂದು ಕನ್ನಡ ಹಾಡು ಕಲಿಸಿದರು. ತೆಳು ದನಿಯವರು ಒಂದು ಕಡೆ, ದಪ್ಪ ದನಿಯವರು ಇನ್ನೊಂದು ಕಡೆ. ಎಲ್ಲರೂ ಒಟ್ಟಿಗೆ ಶುರು ಮಾಡಬೇಕು, ಒಟ್ಟಿಗೆ ನಿಲ್ಲಿಸಬೇಕು. ಅವರ ಕೈ ಏಳುತ್ತಿದ್ದಂತೆ ಅರವತ್ತು ಜನ ಬಾಯಿ ತೆರೆದೆವು. ಚಿಕ್ಕವ್ವ ಮಾತ್ರ ತುಟಿ ಬಿಗಿದು ಕೂತಿದ್ದಳು. ಮೊದಲ ಸಾಲು ಮುಗಿಯಿತು, ಮೇಷ್ಟ್ರು ಕೈ ಇಳಿಸಿದರು, ಭವನವೆಲ್ಲ ಗಪ್‌ಚಿಪ್. ಆಗ ಚಿಕ್ಕವ್ವ ಒಬ್ಬಳೇ, ಅದೇ ಸಾಲನ್ನು, ಮದುವೆಮನೆಯ ದೊಡ್ಡ ದನಿಯಲ್ಲಿ ತಿರುಗಿ ಹೇಳಿದಳು.

ಹಿಂದೆ ಕೂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅಯ್ಯೋ, ಯಾಕಾದರೂ ಕರೆತಂದೆನೋ ಅನಿಸಿತು. ಚಿಕ್ಕವ್ವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ.

ಮೇಷ್ಟ್ರು ನಗಲಿಲ್ಲ. "ನಿಮ್ಮ ಕಡೆ ಹೀಗೆ ಹಾಡ್ತೀರಾ ಅಮ್ಮ? ಹಾಗಾದ್ರೆ ನೀವೊಂದು ಹೇಳಿ, ನಾವು ತಿರುಗಿ ಹೇಳ್ತೀವಿ," ಅಂದರು.

ಚಿಕ್ಕವ್ವ ಎದ್ದು ನಿಂತಳು. ನಿಂತೇ ಇದ್ದಳು. ಸಾಲು ಗೊತ್ತಿಲ್ಲದೆ ಏನಲ್ಲ, ಸಾವಿರ ಸಲ ತಿರುಗಿ ಹೇಳಿದ್ದಾಳೆ. ಅವಳು ಕಾಯುತ್ತಿದ್ದಳು. ಪಕ್ಕಕ್ಕೆ ಕಿವಿ ಕೊಟ್ಟು, ಉಸಿರು ಹಿಡಿದು, ಅಕ್ಕ ಎತ್ತಲಿ ಎಂದು ಕಾಯುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಬಾಯಿಗೆ ಬಂದ ಸೋಬಾನೆಯೊಂದನ್ನು ನಾನೇ ಶುರು ಮಾಡಿದೆ.

"ಲೇ, ಅದು ಎಣ್ಣು ಕಳ್ಸೋ ಪದ ಕಣೆ!" ಚಿಕ್ಕವ್ವ ಗದರಿದಳು. "ಇನ್ನೂ ಅಸೆಗೇ ಕರ್ದಿಲ್ಲ, ಆಗ್ಲೇ ಕಳಿಸ್ಬುಡ್ತೀಯಾ? ಇಂಗೆ ಕಣೆ!" ಎಂದವಳೇ ಹೆಣ್ಣನ್ನು ಹಸೆಗೆ ಕರೆಯುವ ಪದದ ಮೊದಲ ಸಾಲನ್ನು ಎತ್ತಿಬಿಟ್ಟಳು.

ಅರವತ್ತು ಜನ ತಿರುಗಿ ಹೇಳಿದರು. ಎರಡನೆಯ ಸಾಲೂ ಆಯಿತು, ಮೂರನೆಯದೂ ಆಯಿತು. ನಾಲ್ಕನೆಯದಕ್ಕೆ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

"ರಂಜಿತ, ಅಕ್ಕ ಓಗ್ಬುಟ್ಲು ಕಣೆ," ಅಂದಳು, ನನಗೆ ಗೊತ್ತೇ ಇಲ್ಲದ ಸುದ್ದಿ ತಂದವಳ ಹಾಗೆ.

"ಊಂ ಚಿಕ್ಕವ್ವಾ," ಅಂದೆ.

"ಅಂಗಾರೆ ನಿನ್ ಮದ್ವೇಲಿ ಮೊದುಲ್ನೆ ಸಾಲು ನಾನೇ ಏಳ್ಬೇಕು."

ಹಾಗಂದವಳು ಕುರ್ಚಿಯ ಮೇಲೆ ಕುಸಿದು, ಅಷ್ಟೂ ಜನರ ಎದುರು ಬಾಯಿ ಬಿಟ್ಟು ಅತ್ತಳು.