ರೆಕ್ಸಿನ್ ಹೊದ್ದ ಕಥೆಪುಸ್ತಕ

ಚಳ್ಳಕೆರೆಯಲ್ಲಿ ಆಟೋ ಸೀಟು ಹೊಲಿಯುತ್ತಿದ್ದ ರಹೀಂ ಸಾಹೇಬರು ನಮ್ಮ ಶಾಲೆಯ ಕಥೆಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. ಹಿಂದೆ ಆರನೇ ತರಗತಿಯ ಮಗಳು ನಜ್ಮಾ ತಲೆ ತಗ್ಗಿಸಿ ನಿಂತಿದ್ದಳು. ಪಾಳೆಯಗಾರರ ಕಾಲದಲ್ಲಿ ಕುದುರೆ ಏರಿದ ಹುಡುಗಿಯೊಬ್ಬಳ ಕಥೆ ಅದು. ನಜ್ಮಾ ಓದಿ ಓದಿ ಹಾಳೆಗಳೆಲ್ಲ ಕಿತ್ತುಬಂದಿದ್ದವಂತೆ. ಶಾಲೆಯ ಪುಸ್ತಕದ ಬೀರು ನೋಡಿಕೊಳ್ಳುವ ಟೀಚರು ನಾನು; ಹಾಳು ಮಾಡಿದವರಿಗೆ ಮತ್ತೆ ಪುಸ್ತಕವಿಲ್ಲ ಎಂಬುದು ನನ್ನದೇ ಕಟ್ಟಪ್ಪಣೆ.

ಈಗ ಪುಸ್ತಕಕ್ಕೆ ಕೆಂಪು ರೆಕ್ಸಿನ್ ಹೊದಿಕೆ, ಸೀಟಿನ ದಪ್ಪ ದಾರದ ಹೊಲಿಗೆ. ಎಂದಿನಂತೆ ತೆರೆಯಲು ಹೋದೆ, ಆಗಲಿಲ್ಲ. ಹೊಲಿಗೆ ಬಲಗಡೆ ಬಿದ್ದಿತ್ತು!

“ನಾನು ಓದಿದ್ದು ಉರ್ದು ಸ್ಕೂಲ್ರಿ. ಬಲದಿಂದ ಎಡಕ್ಕೆ ಓದೋದು, ನಮ್ಮ ಕಿತಾಬು ಹಿಂಗೇ ಇರ್ತಾವೆ,” ಎಂದು ಸಾಹೇಬರು ಪೆಚ್ಚಾದರು. “ಬಿಚ್ಚಿ ಮತ್ತೆ ಹೊಲ್ದು ಕೊಡ್ತೀನಿ, ಮೇಡಮ್ಮೋರೆ.”

ನನಗೆ ನಗು ತಡೆಯಲಾಗಲಿಲ್ಲ. “ಬೇಡ್ರಿ, ಹಂಗೇ ಇರ್ಲಿ,” ಎಂದು ನಜ್ಮಾಳ ಕೈಗೆ ಇನ್ನೊಂದು ಪುಸ್ತಕ ಕೊಟ್ಟೆ.

ಬಲಪುಟ ಮೊದಲು, ಎಡಪುಟ ಆಮೇಲೆ ಎಂಬುದು ಮಕ್ಕಳಿಗೆ ಬೇಗನೆ ರೂಢಿಯಾಯಿತು. ಬೀರುವಿನ ಹೊಸ ಪುಸ್ತಕಗಳೂ ಹಾಳೆ ಉದುರಿಸಿಕೊಂಡವು, ಅದು ಮಾತ್ರ ಗಟ್ಟಿಯಾಗಿ ಉಳಿಯಿತು. ಯಾರಾದರೂ ಅದನ್ನು ಬಲಗಡೆಯಿಂದ ತೆರೆಯಲು ಒದ್ದಾಡಿದರೆ ನಜ್ಮಾ ಓಡಿಬಂದು ಹೇಳುತ್ತಿದ್ದಳು: “ಅದರ ಬಾಗ್ಲು ಈ ಕಡೆ ಐತೆ.”