ಸರೋವರದ ಸ್ಟೇಡಿಯಂ, ಗೋಧಿ ಗುಡ್ಡದ ಸ್ಟೇಡಿಯಂ

ಲಿನ್‌ವುಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತ ಕೂಡಲೇ ಎದುರು ಸೀಟಿನ ಅಜ್ಜಿ ನನ್ನ ಮುಖ ನೋಡಿ ಬೊಗಳಿದರು. ಕೆಮ್ಮಿದ್ದಲ್ಲ, ಸೀನಿದ್ದಲ್ಲ, ನಾಯಿಯ ಹಾಗೆ ಗಟ್ಟಿಯಾಗಿ ಬೊಗಳಿ, ಈಗ ನಿನ್ನ ಸರದಿ ಎನ್ನುವಂತೆ ನಗುತ್ತ ಕಾದರು. ಬೆಳ್ಳಗಿನ ಕೂದಲು, ಕಿವಿಯಲ್ಲಿ ಮುತ್ತು, ಕೆನ್ನೆಗೆ ನೇರಳೆ ಬಣ್ಣ. ಸುತ್ತ ನೋಡಿದರೆ ಬೋಗಿಯ ತುಂಬ ನೇರಳೆ ಅಂಗಿಯವರೇ. ಮೈಸೂರಿನ ಸಿಟಿ ಬಸ್ಸಿನಲ್ಲಿ ಒಬ್ಬ ಹೆಂಗಸು ಹೀಗೆ ಮಾಡಿದ್ದರೆ ಯಾರಾದರೂ ನೀರು ಕುಡಿಸಿ, ಮನೆಯವರ ನಂಬರ್ ಕೇಳಿ ಫೋನ್ ಮಾಡುತ್ತಿದ್ದರು. ನಾನು ಬ್ಯಾಗನ್ನು ಎದೆಗೆ ಅವಚಿಕೊಂಡು ಗಂಡನ ಕಡೆ ಸರಿದೆ.

"ಅಮ್ಮ, ಬಾರ್ಕ್ ಬ್ಯಾಕ್," ಎಂದಳು ಮಗಳು ಅನಘ. ನಾನು ಬಾಯಿ ಬಿಡದಿದ್ದಾಗ ಅವಳೇ ಮುಂದೆ ಬಗ್ಗಿ ಬೊಗಳಿದಳು. ಅಜ್ಜಿಗೆ ಪರಮಾನಂದ. ಇದನ್ನು ಎಲ್ಲಿ ಕಲಿತೆಯೇ ಎಂದು ಕೇಳಿದರೆ, ಎಲ್ಲರಿಗೂ ಗೊತ್ತಿರುವುದನ್ನು ಕೇಳಿದೆನೇನೋ ಎಂಬಂತೆ ನನ್ನ ಮುಖ ನೋಡಿದಳು. ಇಲ್ಲಿನ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದ ಗುರುತು ಹಿಮದಲ್ಲಿ ಗಾಡಿ ಎಳೆಯುವ ನಾಯಿ. ಪಂದ್ಯದ ದಿನ ಬೊಗಳುವುದೆಂದರೆ ನಮಸ್ಕಾರ ಹೇಳಿದಂತೆ. ನನ್ನ ಮಗಳಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅನಘ ಎರಡು ವರ್ಷದವಳಿದ್ದಾಗ ನಾವು ಮೈಸೂರು ಬಿಟ್ಟು ಬಂದೆವು. ಗಂಡ ಮಧುವಿನ ಆಫೀಸು ಕರ್ಕ್‌ಲ್ಯಾಂಡಿನಲ್ಲಿ, ನಾನು ಲಿನ್‌ವುಡ್‌ನಲ್ಲೇ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಟೀಚರ್. ಇಷ್ಟು ವರ್ಷ ಆ ಯೂನಿವರ್ಸಿಟಿಯ ಸ್ಟೇಡಿಯಂ ನಮ್ಮ ಪಾಲಿಗೆ ಶನಿವಾರದ ಟ್ರಾಫಿಕ್ಕಿನ ಇನ್ನೊಂದು ಹೆಸರಾಗಿತ್ತು. "ಇವತ್ತು ಆ ಕಡೆ ಹೋಗ್ಬೇಡಿ, ಗೇಮ್ ಇದೆ," ಎಂದು ಕನ್ನಡದವರೆಲ್ಲ ಒಬ್ಬರಿಗೊಬ್ಬರು ಮೆಸೇಜು ಹಾಕಿಕೊಳ್ಳುತ್ತಿದ್ದೆವು. ಶನಿವಾರವೆಂದರೆ ಅನಘಳಿಗೆ ಸಂಗೀತದ ಕ್ಲಾಸು, ಕನ್ನಡ ಕ್ಲಾಸು, ಯಾರದಾದರೂ ಮನೆಯ ಪೂಜೆ. ಗೆಳತಿಯರು ಪಂದ್ಯಕ್ಕೆ ಕರೆದಾಗ ಅವಳು ಒಂದೆರಡು ಸಲ ಕೇಳಿದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಬಿಟ್ಟದ್ದನ್ನು ನಾನು ಗಮನಿಸಲೂ ಇಲ್ಲ.

ರೈಲು ಲಿನ್‌ವುಡ್‌ಗೆ ಬಂದ ಮರುವರ್ಷ ಅವಳ ಹೈಸ್ಕೂಲಿನ ಕೊನೆಯ ವರ್ಷ. ಪಶುವೈದ್ಯೆ ಆಗಬೇಕೆಂದು ಅವಳ ಆಸೆ. ಎರಡು ಯೂನಿವರ್ಸಿಟಿ ಮನಸ್ಸಿನಲ್ಲಿದ್ದವು. ಒಂದು ಈ ಸರೋವರದ ದಡದ್ದು, ಮನೆಯಿಂದ ರೈಲಿನಲ್ಲಿ ಹೋಗಿ ಬರಬಹುದು. ಇನ್ನೊಂದು ಪರ್ವತ ದಾಟಿ, ರಾಜ್ಯದ ಪೂರ್ವದ ತುದಿಯಲ್ಲಿ, ಗೋಧಿ ಬೆಳೆಯುವ ಗುಡ್ಡಗಳ ನಡುವೆ. ಕಾರಿನಲ್ಲಿ ಐದು ಗಂಟೆ. ಎರಡೂ ಕಡೆ ಒಂದೊಂದು ಪಂದ್ಯ ನೋಡಿಯೇ ತೀರ್ಮಾನ ಮಾಡುತ್ತೇನೆ ಎಂದಳು. ಸ್ಟೇಡಿಯಂ ನೋಡಿ ಕಾಲೇಜು ಆರಿಸುವುದನ್ನು ನಾನು ಎಲ್ಲೂ ಕೇಳಿರಲಿಲ್ಲ.

"ಗಂಡು ನೋಡೋಕೆ ಹೋದ ಹಾಗೆ ಅಂದ್ಕೋ," ಎಂದ ಮಧು. "ಎರಡು ಮನೇಲೂ ಉಪ್ಪಿಟ್ಟು ತಿಂದು ಬರೋಣ."

ನನ್ನ ಮನಸ್ಸಿನಲ್ಲಿ ಮಾತ್ರ ಆಯ್ಕೆ ಆಗಿಹೋಗಿತ್ತು. ಒಬ್ಬಳೇ ಮಗಳು. ರೈಲಿನಲ್ಲಿ ಹೋಗಲಿ, ಸಂಜೆ ಬಂದು ಸಾರನ್ನ ತಿನ್ನಲಿ. ಇದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ನಾನು ಬಲ್ಲ ಕಾಲೇಜು ಆಟದ ಮೈದಾನವೆಂದರೆ ಕೆಮ್ಮಣ್ಣು, ಒಂದು ಮೋಟು ಗೋಡೆ, ಗೋಡೆಯ ಮೇಲೆ ಕಡಲೆಕಾಯಿ ತಿನ್ನುತ್ತ ಕೂತ ನಾಲ್ಕು ಹುಡುಗರು. ಆಡುವವರ ಅಮ್ಮಂದಿರಿಗೂ ಪಂದ್ಯ ಇರುವ ವಿಷಯ ಗೊತ್ತಿರುತ್ತಿರಲಿಲ್ಲ. ತುಂಬಿದ ಸ್ಟೇಡಿಯಂ ನೋಡಿದ್ದು ವಿಜಯದಶಮಿಯ ರಾತ್ರಿ, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ, ಅಪ್ಪನ ಹೆಗಲ ಮೇಲೆ. ಇಲ್ಲಿ ನೋಡಿದರೆ ಕಾಲೇಜು ಹುಡುಗರ ಆಟಕ್ಕೆ ಅಂಥ ಎಷ್ಟೋ ಬನ್ನಿಮಂಟಪದಷ್ಟು ಜನ. ಬಹಳ ಹೊತ್ತು ನಾನು ಆಟಕ್ಕಿಂತ ಜನರನ್ನೇ ನೋಡಿದೆ.

ಸ್ಟೇಡಿಯಂ ಸರೋವರಕ್ಕೆ ಅಂಟಿಕೊಂಡೇ ಇದೆ. ಪಂದ್ಯಕ್ಕೆ ಜನ ದೋಣಿಗಳಲ್ಲಿ ಬರುತ್ತಾರೆ. ಒಂದಕ್ಕೊಂದು ಕಟ್ಟಿದ ದೋಣಿಗಳ ಮೇಲೆ ಹೆಜ್ಜೆ ಹಾಕುತ್ತ ದಡಕ್ಕೆ ಇಳಿಯುತ್ತಾರೆ, ಒಬ್ಬರ ದೋಣಿಯಲ್ಲಿ ಮಾಂಸ ಸುಟ್ಟರೆ ಇನ್ನೊಬ್ಬರ ದೋಣಿಯಲ್ಲಿ ತಿನ್ನುತ್ತಾರೆ. ದೋಣಿ ಇಲ್ಲದವರಿಗೆ ಟೇಲ್‌ಗೇಟ್. ಕಾರಿನ ಹಿಂಬಾಗಿಲು ತೆಗೆದು, ಅಲ್ಲೇ ಒಲೆ ಹೂಡಿ, ಪಂದ್ಯಕ್ಕೆ ಮುಂಚೆ ನಡೆಸುವ ಊಟಕ್ಕೆ ಆ ಹೆಸರು. ನಮಗೆ ಎರಡೂ ಇರಲಿಲ್ಲ. ಡಬ್ಬಿಯಲ್ಲಿದ್ದ ಚಪಾತಿಯನ್ನು ಬೇಲಿಯ ಪಕ್ಕ ನಿಂತು ತಿಂದೆವು. ಅನಘ ಕಂಬಿ ಹಿಡಿದು ದೋಣಿಗಳನ್ನೇ ನೋಡುತ್ತಿದ್ದಳು.

ಒಳಗೆ ಎರಡೂ ಬದಿಗೆ ಕಡಿದಾದ ಮೆಟ್ಟಿಲ ಸಾಲು, ಮೇಲೆ ತಗಡಿನ ಚಾವಣಿ. ತೆರೆದ ಬದಿಯಲ್ಲಿ ನೀರು, ನೀರಿನಾಚೆ ಹಿಮದ ಬೆಟ್ಟ. ಕೂಗಿದ ಸದ್ದು ಹೊರಗೆ ಹೋಗದೆ ತಲೆಯ ಮೇಲೆಯೇ ಸುತ್ತುತ್ತದೆ. ಇಲ್ಲಿಯ ಫುಟ್‌ಬಾಲನ್ನು ಕೈಯಲ್ಲೇ ಚೆಂಡು ಹಿಡಿದು ಆಡುತ್ತಾರೆ. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ನಾನು ಚಪ್ಪಾಳೆ ತಟ್ಟಿದರೆ ಮುಂದಿನವರು ತಿರುಗಿ ನೋಡಿದರು. ಅನಘ ನನ್ನ ಕೈ ಹಿಡಿದಳು. ನಮ್ಮವರ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಬೇಕಂತೆ, ಅವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕು. ಎದುರಾಳಿಯ ಕೈಗೆ ಹೋದಾಗ ಗಂಟಲು ಹರಿಯುವಂತೆ ಕಿರುಚಬೇಕು. ನಾವು ಹುಟ್ಟಿದಾರಭ್ಯ ಮಾಡಿಕೊಂಡು ಬಂದದ್ದಕ್ಕೆ ತದ್ವಿರುದ್ಧ. ಅನಘ ಕಿರುಚಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು.

ಇಲ್ಲೇ ನಾನು ಕೆಡಿಸಿದ್ದು. ನಮ್ಮ ಜನಕ್ಕೆ ಯಾವುದನ್ನೂ ಮುಗಿಯುವ ತನಕ ನೋಡುವ ಅಭ್ಯಾಸವಿಲ್ಲ. ಸಿನಿಮಾದಲ್ಲಿ ಕೊನೆಯ ಹಾಡು ಬರುತ್ತಿದ್ದಂತೆ ಚಪ್ಪಲಿ ಹುಡುಕುತ್ತೇವೆ, ಆರತಕ್ಷತೆಯಲ್ಲಿ ಕವರು ಕೊಟ್ಟು ಕೈ ತೊಳೆದ ಮರುಕ್ಷಣ ಆಟೋ ಹುಡುಕುತ್ತೇವೆ, ವಿಮಾನ ನಿಲ್ಲುವ ಮೊದಲೇ ಎದ್ದು ನಿಲ್ಲುತ್ತೇವೆ. ಅವತ್ತು ಸಂಜೆ ಕರ್ಕ್‌ಲ್ಯಾಂಡಿನಲ್ಲಿ ಗೆಳತಿ ಶೈಲಾಳ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬೇರೆ. ನಾಲ್ಕು ಪಾಳಿಯ ಆಟದಲ್ಲಿ ಮೂರನೆಯದು ಮುಗಿದಾಗ ನಮ್ಮ ತಂಡ ಹೀನಾಯವಾಗಿ ಹಿಂದೆ ಬಿದ್ದಿತ್ತು.

"ಏಳಿ, ಹೊರಡೋಣ," ಎಂದೆ. "ಆಮೇಲೆ ರೈಲು ಹತ್ತೋಕಾಗಲ್ಲ."

"ಅಮ್ಮ, ಪ್ಲೀಸ್. ಇಟ್ಸ್ ನಾಟ್ ಓವರ್."

"ಸೋತಾಯ್ತಲ್ಲೇ, ಇನ್ನೇನು ನೋಡೋದು?"

ಮಧು ಆಗಲೇ ಬ್ಯಾಗು ಹೆಗಲಿಗೇರಿಸಿದ್ದ. ಅನಘ ಬಂದಳು. ಪ್ಲಾಟ್‌ಫಾರಂ ನೆಲದಡಿಯಲ್ಲಿದೆ, ನಮ್ಮ ಹಾಗೆ ಬೇಗ ಎದ್ದವರ ಸಾಲಿನಲ್ಲಿ ಅರ್ಧ ಗಂಟೆ ನಿಂತು ಎಸ್ಕಲೇಟರಿನ ಬಾಯಿಗೆ ಬಂದಾಗ ಹಿಂದಿನಿಂದ ಆ ಸದ್ದು ಬಂತು. ಕಾಲಡಿಯ ಕಬ್ಬಿಣ ಅದುರಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಇನ್ನೂ ಜೋರಾಗಿ. ಅಲ್ಲಿದ್ದ ಕಾವಲಿನವನು ಫೋನು ನೋಡಿ ತನ್ನಷ್ಟಕ್ಕೆ ನಕ್ಕ. ನಮ್ಮವರು ಗೆದ್ದಿದ್ದರು. ಅನಘ ಮೇಲೆ ನೋಡುತ್ತ ಒಂದು ಗಳಿಗೆ ನಿಂತಳು, ಆಮೇಲೆ ಇಳಿದಳು. ಶೈಲಾಳ ಮನೆಗೆ ಹೋದರೆ ಪುರೋಹಿತರೇ ಇನ್ನೂ ಬಂದಿರಲಿಲ್ಲ.

ಗೋಧಿ ಗುಡ್ಡದ ಊರಿಗೆ ಹೋದದ್ದು ಚಳಿ ಶುರುವಾದ ಮೇಲೆ, ಒಂದು ರಾತ್ರಿ ಹೋಟೆಲಿನಲ್ಲಿ ಉಳಿಯುವ ಲೆಕ್ಕದಲ್ಲಿ. ಪರ್ವತದ ಕಣಿವೆ ದಾಟಿದ ಮೇಲೆ ಮರಗಳೇ ಇಲ್ಲ. ಕೊಯ್ಲು ಮುಗಿದ ಬೋಳು ಗುಡ್ಡಗಳು, ಗಾಳಿ, ಮತ್ತೆ ಗುಡ್ಡ. ಆ ಊರಿನಲ್ಲಿ ಸ್ಟೇಡಿಯಂ ಬಿಟ್ಟರೆ ಅವತ್ತು ಬೇರೆಲ್ಲೂ ಜನವೇ ಇರಲಿಲ್ಲ. ಸರೋವರದ್ದರ ಅರ್ಧವೂ ಇಲ್ಲದ ಸ್ಟೇಡಿಯಂ, ಎಲ್ಲ ಕಡುಗೆಂಪು. ಬಯಲಿನಲ್ಲಿ ಹಿಂದಿನ ದಿನವೇ ಬಂದು ಬೀಡುಬಿಟ್ಟ ದೊಡ್ಡ ದೊಡ್ಡ ವ್ಯಾನುಗಳು. ನಾವು ಪಕ್ಕದಲ್ಲಿ ಹಾದುಹೋಗುತ್ತಿದ್ದಾಗ ಟೋಪಿ ಹಾಕಿದ ರೈತನೊಬ್ಬ ಇಕ್ಕಳ ಎತ್ತಿ ಕರೆದ. ಮಾಂಸ ತಿನ್ನುವುದಿಲ್ಲ ಎಂದು ಮಧು ಸಂಕೋಚದಿಂದ ಹೇಳಿದರೆ, "ಹಾಗಾದರೆ ಜೋಳ ತಿನ್ನಿ," ಎಂದು ಸುಟ್ಟ ತೆನೆ ಕೈಗಿಟ್ಟ. ಅನಘಳಿಗೆ ಏನು ಓದುತ್ತೀ ಎಂದು ಕೇಳಿದ. ಪಶುವೈದ್ಯಕೀಯ ಎಂದಳು. ಹಸು ಕರು ಹಾಕುವುದನ್ನು ನೋಡಿದ್ದೀಯಾ ಎಂದ. ಇಲ್ಲ ಎಂದಳು. ಇಲ್ಲಿಗೆ ಬಾ, ವಸಂತದಲ್ಲಿ ನಮ್ಮ ಮನೆಯಲ್ಲೇ ನೋಡುವೆಯಂತೆ ಎಂದ. ಅವನು ಅಷ್ಟು ಸಲೀಸಾಗಿ ಕರೆದದ್ದು ನನಗೆ ಸಿಟ್ಟು ತರಿಸಿತು.

ಅವರ ತಂಡ ಅವತ್ತು ಬಹಳ ಕೆಟ್ಟದಾಗಿ ಸೋತಿತು. ಹಿಮ ಬೀಳತೊಡಗಿತು. ನನ್ನ ಕಾಲ್ಬೆರಳುಗಳು ಇದ್ದಾವೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆದರೆ ಒಬ್ಬರೂ ಏಳಲಿಲ್ಲ. ಸರೋವರದ ಕಡೆಯವರಿಗೆ ಹೋಗಲು ಬೇರೆ ಜಾಗಗಳಿದ್ದವು. ಇಲ್ಲಿಯವರಿಗೆ ಇದೇ ಜಾಗ. ನನ್ನ ಬಾಯಿಗೆ ಅಭ್ಯಾಸ.

"ಹೊರಡೋಣ್ವಾ? ರಸ್ತೆ ಮುಚ್ಚಿಬಿಡುತ್ತೆ."

"ಯೂ ಗೈಸ್ ಗೋ," ಎಂದಳು ಅನಘ. ಸಿಟ್ಟಿನಿಂದಲ್ಲ. "ಹೋಟೆಲಿಗೆ ಬರ್ತೀನಿ." ಇಷ್ಟು ಹೇಳಿ ಮೆಟ್ಟಿಲಿಳಿದು ವಿದ್ಯಾರ್ಥಿಗಳ ಗುಂಪಿನೊಳಗೆ ನಡೆದಳು. ಯಾರೋ ಅವಳ ಹೆಗಲಿಗೆ ಕಂಬಳಿಯ ಒಂದು ತುದಿ ಹೊದಿಸಿದರು. ಸೋತ ತಂಡಕ್ಕೆ ಅವರೆಲ್ಲ ತೋಳಿಗೆ ತೋಳು ಸೇರಿಸಿ ಹಾಡು ಹೇಳಿದರು, ಅವಳೂ ಹೇಳಿದಳು. ಹಾಡು ಮುಗಿಯುವ ತನಕ ನಾನು ಮೇಲಿನಿಂದ ನೋಡುತ್ತ ನಿಂತೆ.

ಆದರೂ ಪಾಠ ಕಲಿತೆನೇ? ಇಲ್ಲ. ಸಂಕ್ರಾಂತಿಗೆ ಎಳ್ಳು ಬೀರುವಾಗ ಎಲ್ಲರ ಮುಂದೆ, "ನಮ್ಮವಳು ಇಲ್ಲೇ ಓದ್ತಾಳೆ, ರೈಲಿದೆಯಲ್ಲ," ಎಂದು ಹೇಳಿಕೊಂಡು ಬಂದೆ. ಅಷ್ಟು ಸಾಲದೆಂದು ಸರೋವರದ ಸ್ಟೇಡಿಯಮ್ಮಿನಲ್ಲಿ ಮುಂದಿನ ಇಡೀ ಋತುವಿಗೆ ಎರಡು ಸೀಟು ಕಾದಿರಿಸಿದೆ, ನನಗೊಂದು, ಮಧುವಿಗೊಂದು. ವಿದ್ಯಾರ್ಥಿಗಳ ಜಾಗ ಅಲ್ಲಿಂದ ನೇರ ಕಾಣುತ್ತದೆ. ಅವಳು ಅಲ್ಲಿ ಕೂರುತ್ತಾಳೆ, ನಾವು ಇಲ್ಲಿಂದ ಕೈ ಬೀಸುತ್ತೇವೆ. ಇನ್ನು ಎಷ್ಟು ಹೊತ್ತಾದರೂ ಏಳುವುದಿಲ್ಲ ಎಂದು ಮನಸ್ಸಿನಲ್ಲೇ ಮಾತು ಕೊಟ್ಟುಕೊಂಡಿದ್ದೆ. ಅವಳಿಗೆ ಮಾತ್ರ ಹೇಳಿರಲಿಲ್ಲ.

ಯೂನಿವರ್ಸಿಟಿಗೆ ಒಪ್ಪಿಗೆ ತಿಳಿಸುವ ಮೇ ತಿಂಗಳ ಗಡುವಿಗೆ ಮುಂಚೆ ಒಂದು ಭಾನುವಾರ ದೋಸೆ ತಿನ್ನುತ್ತ ಹೇಳಿದಳು. ಗೋಧಿ ಗುಡ್ಡಕ್ಕೇ ಹೋಗುತ್ತಾಳಂತೆ.

"ನಾನು ಅವತ್ತು ಎಬ್ಬಿಸಿಕೊಂಡು ಬಂದೆ ಅಂತಾನಾ?" ಎಂದು ಕೇಳಿಯೇಬಿಟ್ಟೆ.

"ಅಮ್ಮ, ನೋ. ಇಟ್ಸ್ ನಾಟ್ ಅಬೌಟ್ ದ ಗೇಮ್. ಅಲ್ಲಿ ಹಸುಗಳಿವೆ."

"ಹಸು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಮೈಸೂರಲ್ಲಿ ರಸ್ತೆಗೊಂದಿದೆ."

ಅವಳು ನಕ್ಕಳು, ನಾನು ದೋಸೆ ತಿರುವಿ ಹಾಕುವ ನೆಪದಲ್ಲಿ ಒಲೆಯ ಕಡೆ ತಿರುಗಿದೆ. ಅವಳು ಹೇಳಿದ್ದು ನಿಜವೇ ಇರಬೇಕು. ಆದರೂ ನನ್ನ ಮಟ್ಟಿಗೆ ಅವಳು ಹೊರಟದ್ದು ಆ ಎಸ್ಕಲೇಟರಿನ ಬಾಯಿಯಲ್ಲಿ ನಿಂತು ಮೇಲೆ ನೋಡಿದ ಗಳಿಗೆಯಲ್ಲಿ. ಅರ್ಧ ಗಂಟೆ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಊರಲ್ಲಿದ್ದಿದ್ದರೆ ಅಕ್ಕನ ಹತ್ತಿರವಾದರೂ ಹೇಳಿಕೊಂಡು ಅಳಬಹುದಿತ್ತು. ಅಕ್ಕನಿಗೆ ಫೋನ್ ಮಾಡಿ ಫುಟ್‌ಬಾಲಿನ ವಿಷಯ ಎಲ್ಲಿಂದ ಶುರು ಮಾಡಲಿ?

ಅವಳು ಹೋದ ಮೇಲೆ ಶನಿವಾರಗಳು ಮನೆಯಲ್ಲಿ ಕೂತು ಕಳೆಯುವಂತಿರಲಿಲ್ಲ. ಸೀಟು ಇತ್ತಲ್ಲ, ಹೋಗತೊಡಗಿದೆ. ಮಧು ಒಮ್ಮೊಮ್ಮೆ ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ಜೋನ್, ಶಾಲಾ ಬಸ್ಸು ಓಡಿಸಿ ನಿವೃತ್ತಿಯಾದ ಹೆಂಗಸು. ಆಟದ ನಿಯಮ ಹೇಳಿಕೊಟ್ಟವರು ಅವರೇ. ನಾನು ತಂದ ಕೋಡುಬಳೆಯನ್ನು ಮೊದಲು ಮೂಸಿ ನೋಡಿ, ಆಮೇಲೆ ಡಬ್ಬಿಯನ್ನೇ ತಮ್ಮ ಮಡಿಲಿಗೆ ಇಟ್ಟುಕೊಂಡರು. ಋತು ಅರ್ಧ ಕಳೆಯುವಷ್ಟರಲ್ಲಿ ಆಟಗಾರರ ಹೆಸರು ಹಿಡಿದು ಬೈಯುವ ಮಟ್ಟಕ್ಕೆ ಬಂದಿದ್ದೆ. ಇಷ್ಟು ವರ್ಷಗಳಲ್ಲಿ ಈ ಊರು ನನ್ನದು ಎಂದು ಎಲ್ಲಾದರೂ ಅನ್ನಿಸಿದ್ದರೆ ಆ ತಗಡಿನ ಚಾವಣಿಯ ಕೆಳಗೆ.

ಕೊನೆಗೆ ಕೆಂಪು ತಂಡ ನಮ್ಮಲ್ಲಿಗೆ ಆಡಲು ಬಂತು. ಅನಘ ಗೆಳೆಯರ ಜೊತೆ ಬಸ್ಸಿನಲ್ಲಿ ನೇರ ಸ್ಟೇಡಿಯಮ್ಮಿಗೇ ಬರುವವಳಿದ್ದಳು, ಪಂದ್ಯ ಮುಗಿದ ಕೂಡಲೇ ಅದೇ ಬಸ್ಸಿನಲ್ಲಿ ವಾಪಸ್ಸು. ಮಧು ಬೆಳಿಗ್ಗೆ ಕೆಂಪು ಸ್ವೆಟರು ಹಾಕಿಕೊಂಡು ನಿಂತಿದ್ದ. ಅವಳ ಪಕ್ಕದ ಸೀಟು ಗುಟ್ಟಾಗಿ ತೆಗೆದುಕೊಂಡಿದ್ದನಂತೆ.

"ಒಬ್ರಾದ್ರೂ ಅವಳ ಕಡೆ ಇರ್ಬೇಕಲ್ವಾ," ಎಂದ. "ನೀನೂ ಬಾ, ಒಂದು ಸೀಟು ಸಿಕ್ಕೀತು."

ಹೋಗಬಹುದಿತ್ತು. ಆದರೆ ನನ್ನ ಹಠ. ನನ್ನ ಸೀಟು, ನನ್ನ ಜೋನ್. ನಾನು ನೇರಳೆ ಶಾಲು ಹೊದ್ದು ನನ್ನ ಜಾಗದಲ್ಲೇ ಕೂತೆ. ಎದುರು ಮೂಲೆಯಲ್ಲಿ ಕರವಸ್ತ್ರದಷ್ಟು ಕೆಂಪು. ಅದರಲ್ಲಿ ಅವಳು ಯಾರೆಂದು ಕಾಣಿಸಲಿಲ್ಲ.

ಪಂದ್ಯ ಕೊನೆಯ ನಿಮಿಷದ ತನಕ ಹೋಯಿತು. ನಾವು ಕೂದಲೆಳೆಯಷ್ಟು ಮುಂದೆ, ಚೆಂಡು ಅವರ ಕೈಯಲ್ಲಿ. ಇವತ್ತು ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಬೆಳಿಗ್ಗೆಯೇ ನಿಶ್ಚಯಿಸಿದ್ದೆ. ಆದರೆ ಜೋನ್ ನನ್ನ ಕೈ ಹಿಸುಕುತ್ತಿದ್ದರು, ಕಾಲಡಿಯ ಮೆಟ್ಟಿಲು ನಡುಗುತ್ತಿತ್ತು. ನನಗೆ ಗೊತ್ತಾಗುವ ಮೊದಲೇ ಗಂಟಲು ತೆರೆದಿತ್ತು. ಜೀವಮಾನದಲ್ಲಿ ಹಾಗೆ ಕಿರುಚಿರಲಿಲ್ಲ. ಅವರು ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು, ಆಟ ಮುಗಿಯಿತು. ನಾನು ಸೀಟಿನಿಂದ ಹಾರಿ, ಎರಡೂ ಕೈ ಮೇಲೆತ್ತಿ ಕುಣಿದೆ. ಜೋನ್ ತಬ್ಬಿಕೊಂಡರು. ಅವರ ಹೆಗಲ ಮೇಲಿನಿಂದ ಆ ಕೆಂಪು ಮೂಲೆ ಕಂಡಿತು. ಅಲ್ಲಿ ಯಾರೂ ಅಲುಗಾಡುತ್ತಿರಲಿಲ್ಲ.

ನಾನು ಕೂತುಬಿಟ್ಟೆ.

"ಏನಾಯ್ತು? ಗೆದ್ದೆವಲ್ಲ," ಎಂದರು ಜೋನ್.

"ನನ್ನ ಮಗಳು ಆ ಕಡೆ ಇದ್ದಾಳೆ."

ಫೋನು ಅದುರಿತು. ಅನಘಳೇ. ಗಲಾಟೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿದೆ.

"ಅಮ್ಮ, ಅಪ್ಪ ಬೈನಾಕ್ಯುಲರ್ ತಂದಿದ್ರು. ಐ ಸಾ ಯೂ. ಯೂ ವರ್ ಜಂಪಿಂಗ್."

"ಸಾರಿ ಪುಟ್ಟಿ. ಬೇಕಂತ ಮಾಡಿದ್ದಲ್ಲ."

"ಯಾಕೆ ಸಾರಿ?" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನೀನು ಹಂಗೆ ಕುಣಿದಿದ್ದು ನಾನು ನೋಡೇ ಇರ್ಲಿಲ್ಲ." ಹಿಂದಿನಿಂದ ಯಾರೋ ಕರೆದರು, ಬಸ್ಸು ಕಾಯುತ್ತಿದೆ ಎಂದು ಫೋನ್ ಇಟ್ಟಳು.

ಈ ಊರಿಗೆ ಬಂದ ಮೇಲೆ ಹದಿನಾರು ವರ್ಷ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಆಗೊಂದು ಸಲ ಹೀಗೆ ಕುಣಿಯಬಹುದಿತ್ತು.